ಬೇರೆ ಮಾಡುವ ಮುನ್ನ

ಆ ದಿನ ನಾನು ಆ ಆಸ್ಪತ್ರೆಗೆ ಹೋಗಿದ್ದು ಹೆಣ ಕೊಯ್ಯಲಿಕ್ಕಲ್ಲ, ಕೊಯ್ದಾಗಿದ್ದ ಹೆಣಗಳ ವರದಿ ಓದಲಿಕ್ಕೆ. ಮರಣೋತ್ತರ ಪರೀಕ್ಷೆ ನನ್ನ ನಿತ್ಯದ ಕೆಲಸ. ಚಿತ್ರದುರ್ಗಕ್ಕೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಜಿಲ್ಲೆಯ ಬಸುರಿಯರು, ಬಾಣಂತಿಯರು ಯಾಕೆ ಸಾಯುತ್ತಿದ್ದಾರೆಂದು ಹಳೆಯ ವರದಿಗಳಿಂದ ಹುಡುಕಿ ಕೊಡಿ ಎಂದು ಮೇಲಿನವರು ಹೇಳಿದ್ದರು. ದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಎಂದು ಸುತ್ತಿ, ಸಿಕ್ಕ ಕಡತಗಳ ದೂಳು ಕೊಡವಿ ಓದುತ್ತಿದ್ದೆ. ಈಗ ಹೇಳುವ ಆಸ್ಪತ್ರೆ ಯಾವುದೆಂದು ಹೆಸರಿಸುವುದಿಲ್ಲ. ಅಲ್ಲಿನವರಿಗೆ ಬಿದ್ದ ಏಟು ಸಾಕಷ್ಟಿದೆ.

ಬಸುರಿಯ ಸಾವೆಂದರೆ ನಂಜು, ರಕ್ತದೊತ್ತಡ, ರಕ್ತಸ್ರಾವ ಎಂದು ಪಾಠದಲ್ಲಿ ಓದಿದವಳು ನಾನು. ಈ ವರದಿಗಳಲ್ಲಿ ಅವೂ ಇದ್ದವು. ಅವುಗಳ ಪಕ್ಕದಲ್ಲೇ ನೇಣು ಇತ್ತು, ಬೆಂಕಿ ಇತ್ತು, ಬಾವಿ ಇತ್ತು, ಹೊಲಕ್ಕೆ ಹೊಡೆಯುವ ಔಷಧಿ ಇತ್ತು. ಒಬ್ಬಳು ಹಿರೇಗುಂಟನೂರಿನ ಕಡೆಯವಳು, ಒಬ್ಬಳು ಹೊರಕೆರೆದೇವಪುರದ ಹತ್ತಿರದವಳು, ಇನ್ನೊಬ್ಬಳು ಐಮಂಗಲದ ಆಚೆಯವಳು. ಹೊಟ್ಟೆಯಲ್ಲಿ ಮಗುವಿಟ್ಟುಕೊಂಡು ಇಷ್ಟು ಬಗೆಯಲ್ಲಿ ಸಾಯಬಹುದೆಂದು ನನಗೆ ಗೊತ್ತಿರಲಿಲ್ಲ.

ಒಂದು ಸಂಗತಿ ಮಾತ್ರ ತಲೆಯಲ್ಲಿ ಹುಳ ಬಿಟ್ಟಿತು. ಪಂಚನಾಮೆಯಲ್ಲಿ ‘ಏಳು ತಿಂಗಳ ಗರ್ಭಿಣಿ’ ಎಂದಿರುತ್ತಿತ್ತು. ಅದೇ ಹೆಂಗಸಿನ ಮರಣೋತ್ತರ ವರದಿಯಲ್ಲಿ ಗರ್ಭಕೋಶದ ಮುಂದೆ ‘ಖಾಲಿ’ ಎಂದು ಬರೆದಿರುತ್ತಿತ್ತು. ಹೆರಿಗೆ ಆಗಿಲ್ಲ, ಗರ್ಭಪಾತ ಆಗಿಲ್ಲ. ಹಾಗಾದರೆ ಮಗು ಎಲ್ಲಿ? ಮಾಸು ಎಲ್ಲಿ? ತಾಯಿಯ ರಕ್ತದಿಂದ ಮಗುವನ್ನು ಬೆಳೆಸುವುದು ಮಾಸು, ಹಳ್ಳಿಯವರು ಅದನ್ನೇ ಕಸ ಅನ್ನುತ್ತಾರೆ. ಬಸುರಿ ಯಾಕೆ ಸತ್ತಳೆಂದು ತಿಳಿಯಬೇಕಾದರೆ ಮೊದಲು ನೋಡಬೇಕಾದದ್ದು ಅದನ್ನು. ವರದಿಯ ಕೊನೆಗೆ ‘ರಕ್ತಸ್ರಾವದಿಂದ ಸಾವು’ ಎಂದು ಒಂದು ಸಾಲು ಗೀಚಿ ಸಹಿ ಹಾಕಿರುತ್ತಿದ್ದರು. ರಕ್ತ ಎಲ್ಲಿಂದ ಸೋರಿತು, ಯಾಕೆ ಸೋರಿತು ಎಂಬುದಕ್ಕೆ ಉತ್ತರವೇ ಇರಲಿಲ್ಲ.

ಶವಾಗಾರದ ಸಹಾಯಕರನ್ನು ಕರೆದು ಕೇಳಿದೆ. ನಿವೃತ್ತಿಗೆ ಹತ್ತಿರವಿದ್ದ, ಮೆತ್ತನೆಯ ಮಾತಿನ ಮನುಷ್ಯ.

“ಅವನ್ನೆಲ್ಲ ನಾನೇ ಬೇರೆ ಮಾಡಿದ್ದು ಮೇಡಂ,” ಎಂದರು, ಮುಖದಲ್ಲಿ ಅಳುಕೇ ಇಲ್ಲ.

“ಬೇರೆ ಮಾಡಿದ್ದು ಅಂದ್ರೆ?”

“ಬಸ್ರಿ ಹೆಣನ ಹಂಗೇ ಮಣ್ಣು ಮಾಡಂಗಿಲ್ಲ ಅಲ್ರಾ. ಊರಿಗೆ ಮಳೆ ಹೋಗ್ತೈತೆ ಅಂತಾರೆ. ಕೂಸು ತೆಗೆದು ಬೇರೆ ಗುಂಡೀಲಿ ಇಡ್ಬೇಕು. ಡಾಕ್ಟ್ರು ಬರೋದು ತಡ, ಹೊರಗೆ ಹೆತ್ತೋರು ಎದೆ ಬಡ್ಕಂತಿರ್ತಾರೆ, ನೋಡಕಾಗಲ್ಲ. ಅದ್ಕೆ ನಾನೇ ಮೊದ್ಲು ಬೇರೆ ಮಾಡಿ, ಕಸ ಗಿಸ ಎಲ್ಲಾ ಕೂಸಿನ ಜೊತಿಗೇ ಕಟ್ಟಿ, ಒಳಗೆ ನೀರು ಹಾಕಿ ಚೊಕ್ಕ ಮಾಡಿಡ್ತೀನಿ. ಡಾಕ್ಟ್ರಿಗೂ ಅನುಕೂಲ.”

ಸಿಟ್ಟು ನೆತ್ತಿಗೇರಿತು. ಆದರೆ ಈ ಮನುಷ್ಯನ ಮೇಲೆ ಹೇಗೆ ಕೂಗಾಡಲಿ? ಯಾರೂ ಹೇಳದೆ, ಕನಿಕರಪಟ್ಟು ಮಾಡಿದ ಕೆಲಸ. ಸಾಕ್ಷಿ ಹೇಳಬೇಕಾಗಿದ್ದ ಅಂಗವನ್ನು ಆ ಕನಿಕರವೇ ತೊಳೆದು ಮಣ್ಣಿಗೆ ಕಳಿಸುತ್ತಿತ್ತು. ಆಮೇಲೆ ಬಂದ ವೈದ್ಯರು ಖಾಲಿ ಚೀಲ ನೋಡಿ ‘ಖಾಲಿ’ ಎಂದು ಬರೆದು ಹೋಗುತ್ತಿದ್ದರು. ನನಗೆ ಮೈ ಉರಿದದ್ದು ಅವರ ಮೇಲೆ.

ಅಷ್ಟರಲ್ಲಿ ಹೆರಿಗೆ ವಾರ್ಡಿನ ಕಡೆಯಿಂದ ಗಾಜು ಒಡೆದ ಸದ್ದು ಬಂತು. ಹಿಂದೆಯೇ ಹೆಂಗಸೊಬ್ಬಳ ಚೀರಾಟ.

ಓಡಿ ಹೋಗಿ ನೋಡಿದರೆ ವಾರ್ಡಿನ ಬಾಗಿಲು ಕಿತ್ತು ಬಂದಿತ್ತು. ಬೆಂಚು ಮಗುಚಿತ್ತು. ಡ್ಯೂಟಿ ಡಾಕ್ಟರ್ ಹುಡುಗಿ, ಓದು ಮುಗಿಸಿ ಈಗಷ್ಟೇ ಕೆಲಸಕ್ಕೆ ಸೇರಿದ್ದವಳು, ಮೇಜಿನ ಕೆಳಗೆ ಮುದುಡಿದ್ದಳು. ಕಿವಿ ಹರಿದು ರಕ್ತ ಕುತ್ತಿಗೆಗೆ ಇಳಿಯುತ್ತಿತ್ತು. ಒಬ್ಬ ಗಂಡಸು ಸಲೈನ್ ಸ್ಟ್ಯಾಂಡ್ ಎತ್ತಿ ಮೇಜಿನ ಮೇಲೆ ಬಡಿಯುತ್ತಿದ್ದ.

“ನಡ್ಕಂಡು ಬಂದೋಳ್ನ ಇಂಜೆಕ್ಷನ್ ಚುಚ್ಚಿ ಕೊಂದವ್ಳೆ! ಈಚಿಗೆ ಎಳೀರಲೇ ಅವಳನ್ನ!”

ಅವನೇ ಸತ್ತವಳ ಗಂಡ. ಹಿಂದೆ ಅವನ ಕಡೆಯ ಗಂಡಸರು. ಮಂಚದ ಮೇಲೆ ಎಂಟು ತಿಂಗಳ ಬಸುರಿಯ ಹೆಣ. ಅದರ ಕಡೆ ಒಬ್ಬರೂ ನೋಡುತ್ತಿರಲಿಲ್ಲ. ನಾನೂ ನರ್ಸೂ ಸೇರಿ ಡಾಕ್ಟರ್ ಹುಡುಗಿಯ ರಟ್ಟೆ ಹಿಡಿದು ಡ್ರೆಸ್ಸಿಂಗ್ ಕೋಣೆಗೆ ಎಳೆದುಕೊಂಡು ಚಿಲಕ ಹಾಕಿದೆವು. ಬಾಗಿಲಿಗೆ ಒದೆಗಳು ಬೀಳುತ್ತಿದ್ದವು. ನಾನು ಬೆನ್ನು ಕೊಟ್ಟು ನಿಂತೆ. ನರ್ಸ್ ಅವಳ ಕಿವಿಗೆ ಹೊಲಿಗೆ ಹಾಕತೊಡಗಿದಳು.

“ನಾನೇನೂ ತಪ್ಪು ಮಾಡಿಲ್ಲ ಮೇಡಂ,” ಎಂದಳು ಹುಡುಗಿ. “ಬಂದಾಗಲೇ ನಾಡಿ ಸಿಗ್ತಿರಲಿಲ್ಲ. ಹೊಟ್ಟೆ ಹಲಗೆ ಥರ ಗಟ್ಟಿ. ಮಗುವಿನ ಎದೆಬಡಿತ ಇಲ್ಲ. ಹೊರಗೆ ರಕ್ತ ಸ್ವಲ್ಪವೇ ಇತ್ತು, ಆದರೆ ಮೈಯೆಲ್ಲ ಬಿಳುಚಿಕೊಂಡಿತ್ತು. ದುರ್ಗಕ್ಕೆ ಕಳಿಸೋಕೆ ಆಂಬುಲೆನ್ಸ್ ಹತ್ತಿಸೋ ಮೊದಲೇ ಹೋಗಿಬಿಟ್ಟಳು. ಏನಾಯ್ತಮ್ಮ ಅಂತ ಅವಳನ್ನ ಕೇಳಿದರೆ ಪ್ರತಿ ಸಲ ಗಂಡನೇ ಉತ್ತರ ಹೇಳ್ತಿದ್ದ.”

ಹಲಗೆಯಂಥ ಹೊಟ್ಟೆ, ಹೊರಗೆ ಕಾಣದ ರಕ್ತ. ಹೆರಿಗೆಗೆ ಮುಂಚೆಯೇ ಮಾಸು ಗರ್ಭಕೋಶದ ಗೋಡೆಯಿಂದ ಕಳಚಿ, ರಕ್ತ ಒಳಗೇ ತುಂಬಿಕೊಂಡಾಗ ಹೀಗಾಗುತ್ತದೆ. ರಕ್ತದೊತ್ತಡ ಏರಿದರೂ ಕಳಚುತ್ತದೆ. ಹೊಟ್ಟೆಗೆ ಏಟು ಬಿದ್ದರೂ ಕಳಚುತ್ತದೆ. ಯಾವುದೆಂದು ತಿಳಿಯಲು ಒಳಗಿರುವುದೆಲ್ಲ ಇದ್ದ ಹಾಗೆಯೇ ನೋಡಲು ಸಿಗಬೇಕು.

ಪೊಲೀಸರು ಬಂದು ಜನರನ್ನು ಅಂಗಳಕ್ಕೆ ತಳ್ಳಿದರು. ಗಂಡ ಡಾಕ್ಟರ್ ಮೇಲೆ ದೂರು ಬರೆಸಿದ. ದೂರು ಆಸ್ಪತ್ರೆಯ ಮೇಲೇ ಇದ್ದುದರಿಂದ ಅಲ್ಲಿನ ವೈದ್ಯರು ಪರೀಕ್ಷೆ ಮಾಡುವಂತಿರಲಿಲ್ಲ. ಹೊರಗಿನವಳಾದ ನಾನು ಅಲ್ಲೇ ಇದ್ದೆ. ನೀವೇ ಮಾಡಿ, ಜೊತೆಗೆ ಇನ್ನೊಬ್ಬ ವೈದ್ಯರನ್ನು ಕಳಿಸುತ್ತೇವೆ ಎಂದು ದುರ್ಗದಿಂದ ಫೋನ್ ಬಂತು. ಮದುವೆಯಾಗಿ ಏಳು ವರ್ಷ ತುಂಬದ ಹೆಣ್ಣು, ಹಾಗಾಗಿ ಪಂಚನಾಮೆಯನ್ನು ತಹಶೀಲ್ದಾರರೇ ಮಾಡಬೇಕು. ಅವರಿಬ್ಬರೂ ಬರುವವರೆಗೆ ಹೆಣವನ್ನು ಶವಾಗಾರಕ್ಕೆ ಸಾಗಿಸಿದರು.

ಹಳೆಯ ವರದಿಗಳ ‘ಖಾಲಿ’ ನೆನಪಾದದ್ದು ಆಗ. ಶವಾಗಾರಕ್ಕೆ ಓಡಿದೆ.

ಅಂಗಳದ ಹೊಂಗೆ ಮರದ ಕೆಳಗೆ ಸತ್ತವಳ ತಾಯಿ ನೆಲಕ್ಕೆ ಹಣೆ ಚಚ್ಚಿಕೊಳ್ಳುತ್ತಿದ್ದಳು. ಪಕ್ಕದಲ್ಲಿ ಸತ್ತವಳ ತಂಗಿ ನಿಂತಿದ್ದಳು, ಕಾಲೇಜು ಓದುವ ಹುಡುಗಿ, ಹೆಗಲಿಗೆ ಬ್ಯಾಗು ಇನ್ನೂ ಹಾಗೇ ಇತ್ತು. ಸೊಂಟದ ಮೇಲೆ ಅಕ್ಕನ ಮೊದಲ ಮಗು. ಗಂಡನ ದೊಡ್ಡಪ್ಪ, ಬಿಳಿ ಪೇಟದ ಯಜಮಾನ, ತಾಯಿಯ ಮುಂದೆ ಕುಕ್ಕರುಗಾಲಲ್ಲಿ ಕುಳಿತು ಸಮಾಧಾನ ಹೇಳುತ್ತಿದ್ದ.

“ಅಳಬ್ಯಾಡ ಕಣವ್ವ. ಹೋದೋಳು ಹೋದ್ಲು, ಕೂಸಿಗೆ ದಿಕ್ಕು ಬ್ಯಾಡ್ವಾ? ಚಿಕ್ಕವಳು ಅದಾಳಲ್ಲ. ದಿನ ಮಾಡಿ ಮುಗಿಸಿದ ಮ್ಯಾಲೆ ಇವಳನ್ನೇ ನಮ್ಮ ಹುಡುಗಂಗೆ ಕೊಡಾಣ. ಸಂಬಂಧ ಕಳ್ಕಳದು ಬ್ಯಾಡ.”

ತಾಯಿ ಹಣೆ ಚಚ್ಚಿಕೊಳ್ಳುವುದನ್ನು ನಿಲ್ಲಿಸಲಿಲ್ಲ. ಅಕ್ಕ ಸತ್ತರೆ ತಂಗಿಯನ್ನು ಕೊಡುವುದು ಈ ಕಡೆ ಹೊಸತೇನಲ್ಲ. ಎಷ್ಟೋ ಮನೆಯಲ್ಲಿ ಅದರಿಂದ ಮಕ್ಕಳು ನೆಮ್ಮದಿಯಾಗಿ ಬೆಳೆದದ್ದೂ ಉಂಟು. ಆದರೆ ಆ ಹುಡುಗಿಯ ಮುಖ ನೋಡಿದೆ. ಇನ್ನೂ ಗೇಟಿನ ಬಳಿ ಬೊಬ್ಬಿಡುತ್ತಿದ್ದ ಭಾವನನ್ನೇ ಅವಳು ನೋಡುತ್ತಿದ್ದಳು. ಆ ನೋಟದಲ್ಲಿದ್ದದ್ದು ದುಃಖ ಮಾತ್ರವಲ್ಲ, ಹೆದರಿಕೆ.

ಶವಾಗಾರದ ಒಳಗೆ ಸಹಾಯಕರು ಹೆಣದ ಸೀರೆ ಸಡಿಲಿಸಿ, ಪಕ್ಕದಲ್ಲಿ ಬಕೆಟ್ ನೀರು ಇಟ್ಟು, ಕೈಯಲ್ಲಿ ಕತ್ತಿ ಹಿಡಿದಿದ್ದರು.

“ಮುಟ್ಟಬೇಡಿ!” ಎಂದು ಕಿರುಚಿ ಮಣಿಕಟ್ಟು ಹಿಡಿದೆ. ಕತ್ತಿ ನೆಲಕ್ಕೆ ಬಿತ್ತು.

“ಅವರವ್ವ ಕೇಳ್ಕಂಡ್ಲು ಮೇಡಂ. ಹೊತ್ತು ಮುಳುಗೋದ್ರಾಗೆ ಬೇರೆ ಮಾಡಿ ಕೊಡು ಅಂತ ಕಾಲು ಹಿಡಿದ್ಲು,” ಎಂದರು ಆ ಮನುಷ್ಯ, ಬೆಪ್ಪಾಗಿ.

“ಬೇರೆ ಮಾಡಿಕೊಡೋದು ನಾನು. ನೋಡಿದ ಮೇಲೆ.”

ಈ ಮಾತು ಹೊರಗೆ ಹೇಗೆ ಹೋಯಿತೋ, ಅಂಗಳ ಹೊತ್ತಿಕೊಂಡಿತು. ಡಾಕ್ಟರನ್ನು ಉಳಿಸಲು ಹೆಣವನ್ನು ಕೊಡದೆ ಆಟ ಆಡಿಸುತ್ತಿದ್ದಾರೆ ಎಂದು ಸುದ್ದಿ ಹಬ್ಬಿತು. ಮೊದಲ ಕಲ್ಲು ಶವಾಗಾರದ ಕಿಟಕಿಯಿಂದ ಬಂದು ನನ್ನ ಸಾಮಾನಿನ ಟ್ರೇಗೆ ಬಿತ್ತು. ಎರಡನೆಯದು ಸಹಾಯಕರ ಹಣೆಗೆ ತಾಗಿತು. ಅವರು ಗೋಡೆಗೊರಗಿ ಕುಸಿದರು. ನಾನು ಅವರ ಹಣೆಗೆ ಬಟ್ಟೆ ಒತ್ತಿ ಹಿಡಿದು ಕುಳಿತಿದ್ದಾಗ ತಹಶೀಲ್ದಾರರೂ ಇನ್ನೊಬ್ಬ ವೈದ್ಯರೂ ಪೊಲೀಸರ ನಡುವೆ ತಲೆ ತಗ್ಗಿಸಿಕೊಂಡು ಒಳಗೆ ಬಂದರು.

ತಹಶೀಲ್ದಾರರ ಅಂಗಿ ಬೆವರಿಗೆ ಅಂಟಿತ್ತು. “ಮೇಡಂ, ಜನ ಕೇಳೋದು ಇಷ್ಟೇ ಅಲ್ವಾ? ಮೊದಲು ಕೂಸು ತೆಗೆದು ಕೊಟ್ಟುಬಿಡಿ, ಗಲಾಟೆ ತಣ್ಣಗಾಗುತ್ತೆ. ಆಮೇಲೆ ನಿಧಾನಕ್ಕೆ ನಿಮ್ಮ ಪರೀಕ್ಷೆ ಮಾಡಿ.”

ಗಂಡನ ದನಿ ಕಿಟಕಿಯ ಹೊರಗೇ ಕೇಳಿಸುತ್ತಿತ್ತು. “ಮೊದ್ಲು ಬೇರೆ ಮಾಡ್ರಿ! ಆಮೇಲೆ ಏನಾದ್ರೂ ಕೊಯ್ಕಳ್ರಿ!”

ಅವನಿಗೆ ಮಾಸಿನ ವಿಷಯ ಗೊತ್ತಿತ್ತೆಂದು ನಾನು ಹೇಳುವುದಿಲ್ಲ. ಗೊತ್ತಿರಲಿಕ್ಕಿಲ್ಲ. ಪದ್ಧತಿ ಅವನ ಕಡೆ ನಿಂತಿತ್ತು, ಅಷ್ಟೇ. ನಾನು ಬಗ್ಗಿದ್ದರೆ ಇನ್ನೊಂದು ‘ಖಾಲಿ’ ವರದಿ ಸಿದ್ಧವಾಗುತ್ತಿತ್ತು. ಡಾಕ್ಟರ್ ಹುಡುಗಿಯ ಮೇಲೆ ಕೇಸು ಉಳಿಯುತ್ತಿತ್ತು. ತಂಗಿಗೆ ಧಾರೆ ಸೀರೆ ಉಡಿಸುತ್ತಿದ್ದರು.

ಕಾನೂನು ಹೇಳಿ ಜಗಳಕ್ಕಿಳಿದರೆ ಕಲ್ಲು ಜಾಸ್ತಿಯಾಗುತ್ತದೆಂದು ತಿಳಿಯುವಷ್ಟು ಬುದ್ಧಿ ಇತ್ತು. ತಾಯಿಯನ್ನು ಕರೆಸಿ ಎಂದೆ. ತಂಗಿಯೂ ಜೊತೆಗೆ ಬಂದಳು. ಬಾಗಿಲ ಹೊರಗೆ ನಿಲ್ಲಿಸಿಯೇ ಮಾತಾಡಿದೆ.

“ಅಮ್ಮಾ, ಬೇರೆ ಮಾಡಿಕೊಡ್ತೀನಿ. ನನ್ನ ಕೈಯಿಂದಲೇ ಮಾಡಿ, ತೊಳೆದು, ಬಟ್ಟೆ ಸುತ್ತಿ ನಿಮ್ಮ ಮಡಿಲಿಗೆ ಕೊಡ್ತೀನಿ. ಹೊತ್ತು ಮುಳುಗೋದ್ರೊಳಗೆ ಕೊಡ್ತೀನಿ. ಆದರೆ ಮೊದಲು ಎಲ್ಲಾ ಇದ್ದ ಹಾಗೇ ನೋಡಬೇಕು. ಈಗ ಬೇರೆ ಮಾಡಿಬಿಟ್ಟರೆ ನಿಮ್ಮ ಮಗಳು ಯಾಕೆ ಸತ್ತಳು ಅಂತ ಯಾರಿಗೂ ಯಾವತ್ತಿಗೂ ಗೊತ್ತಾಗಲ್ಲ.”

“ಗೊತ್ತಾಗಿ ಏನ್ ಮಾಡ್ಲಿ ತಾಯಿ?” ಎಂದಳು ಅವಳು. ಹಣೆಯ ಮಣ್ಣು ಕಣ್ಣೀರಿಗೆ ಕರಗಿ ಕೆನ್ನೆಗಿಳಿದಿತ್ತು. “ಗೊತ್ತಾದ್ರೆ ಎದ್ದು ಬತ್ತಾಳಾ?”

ಉತ್ತರ ಕೊಟ್ಟಿದ್ದು ತಂಗಿ.

“ಅವ್ವಾ, ನೋಡ್ಲಿ ಬಿಡು. ಅಕ್ಕನ ಸಲುವಾಗಿ ಬ್ಯಾಡ, ನನ್ನ ಸಲುವಾಗಿ ನೋಡ್ಲಿ.”

ತಾಯಿ ಮಗಳ ಮುಖ ನೋಡಿದಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಶವಾಗಾರದ ಹೊಸ್ತಿಲಿಗೆ ಅಡ್ಡ ಕುಳಿತುಬಿಟ್ಟಳು. “ಒಳಗೆ ಯಾರಾದ್ರೂ ಬರಂಗಿದ್ರೆ ನನ್ನ ತುಳ್ಕಂಡು ಹೋಗ್ರಿ,” ಎಂದು ಅಂಗಳಕ್ಕೆ ಕೇಳುವಂತೆ ಕೂಗಿದಳು. ಗಂಡನ ಕಡೆಯವರು ಪೊಲೀಸರನ್ನು ತಳ್ಳಿಕೊಂಡು ಮುಂದೆ ಬಂದರೂ ಆ ಹೊಸ್ತಿಲ ಬಳಿ ಅವರ ಕಾಲು ನಿಂತವು. ಹೆತ್ತವಳನ್ನು ದಾಟುವ ಧೈರ್ಯ ಯಾರಿಗೂ ಬರಲಿಲ್ಲ.

ಕೆಲಸ ಶುರು ಮಾಡಿದೆವು. ಪೊಲೀಸ್ ಕ್ಯಾಮೆರಾ ಓಡುತ್ತಿತ್ತು. ತಹಶೀಲ್ದಾರರು ಮೂಗಿಗೆ ಕರವಸ್ತ್ರ ಒತ್ತಿ ನಿಂತಿದ್ದರು. ನೆಲದ ಗಾಜಿನ ಚೂರು ಚಪ್ಪಲಿಗೆ ಸಿಕ್ಕಿ ಕರಕರ ಅನ್ನುತ್ತಿತ್ತು. ಹೊಟ್ಟೆಯ ಚರ್ಮದ ಮೇಲೆ ಕಣ್ಣಿಗೆ ಹೊಡೆಯುವಂಥದ್ದು ಏನೂ ಇರಲಿಲ್ಲ. ಎಡಗಡೆ ಹೊಕ್ಕುಳಿನ ಕೆಳಗೆ ಒಂದಿಷ್ಟು ಕಪ್ಪು ಛಾಯೆ, ಅದೂ ಇದೆಯೋ ಇಲ್ಲವೋ ಅನ್ನುವಂತೆ. ಕಪ್ಪು ಮೈಮೇಲೆ ಏಟಿನ ಗುರುತು ಸುಲಭಕ್ಕೆ ಕಾಣುವುದಿಲ್ಲ. ಅದಕ್ಕೇ ಹೊರಗೆ ನೋಡಿ ‘ಗಾಯಗಳಿಲ್ಲ’ ಎಂದು ಬರೆಯುವವರ ಮೇಲೆ ನನಗೆ ನಂಬಿಕೆಯಿಲ್ಲ. ಚರ್ಮ, ಕೊಬ್ಬು, ಮಾಂಸಖಂಡ ಎಂದು ಪದರ ಪದರವಾಗಿ ಬಿಡಿಸಿದೆ. ಆ ಛಾಯೆಯ ಕೆಳಗೆ ಅಂಗೈಯಗಲ ರಕ್ತ ಇಂಗಿ ಕಡುಗೆಂಪಾಗಿತ್ತು. ಹೊಸ ಏಟು.

ಎರಡು ಮುಂಗೈಗಳ ಹೊರಮೈಯನ್ನೂ ಹಾಗೆಯೇ ಬಿಡಿಸಿದೆ. ಅಲ್ಲೂ ಕೆಂಪು. ಹೊಟ್ಟೆಗೆ ಅಡ್ಡ ಹಿಡಿದ ಕೈಗಳಿಗೆ ಏಟು ಬೀಳುವ ಜಾಗ ಅದೇ. ಆಮೇಲೆ ಬಲ ತೋಳಿನ ಒಳಮಗ್ಗುಲನ್ನೂ ಬಿಡಿಸಿ ನೋಡಿದೆ. ಒಂದರ ಕೆಳಗೊಂದು ನಾಲ್ಕು ಗುಂಡನೆಯ ಗುರುತು. ತೋಳನ್ನು ತಿರುಗಿಸಿದರೆ ಹೊರಮಗ್ಗುಲಲ್ಲಿ ಒಂಟಿಯಾಗಿ ಐದನೆಯದು. ನನ್ನ ಗ್ಲೌಸಿನ ಬೆರಳುಗಳನ್ನು ಅವುಗಳ ಸಮೀಪ ಹಿಡಿದೆ. ಆ ಕೈ ನನ್ನದಕ್ಕಿಂತ ದೊಡ್ಡದು.

ಗರ್ಭಕೋಶವನ್ನು ಬಿಚ್ಚದೆ ಇಡಿಯಾಗಿ ಹೊರತೆಗೆದೆವು. ಅದರ ಗೋಡೆಗೆ ರಕ್ತ ಇಂಗಿ ನೇರಳೆ ಹಣ್ಣಿನ ಬಣ್ಣ ಬಂದಿತ್ತು. ಎಲ್ಲೂ ಒಡೆದಿರಲಿಲ್ಲ. ಮಾಸು ಮುಂಭಾಗದಲ್ಲಿತ್ತು, ಎಡಕ್ಕೆ, ಹೊಟ್ಟೆಯ ಏಟಿನ ನೇರಕ್ಕೆ. ಅದು ಕದಲದಂತೆ ಹಿಂದುಗಡೆಯಿಂದ ಸೀಳಿದೆ. ಮಗು ಎಂಟು ತಿಂಗಳಿಗೆ ತಕ್ಕಂತೆ ಬೆಳೆದಿತ್ತು. ಅದನ್ನು ಎತ್ತಿ ಮೆಲ್ಲಗೆ ಪಕ್ಕಕ್ಕಿಟ್ಟು ಮಾಸಿನ ಅಂಚು ಎತ್ತಿದಾಗ ಹಿಂದೆ ಬೊಗಸೆ ತುಂಬಿ ಮಿಕ್ಕುವಷ್ಟು ಹೆಪ್ಪುಗಟ್ಟಿದ ರಕ್ತ. ಪಕ್ಕದ ವೈದ್ಯರು “ಅಯ್ಯೋ” ಎಂದು ಉಸಿರೆಳೆದರು. ಹಳೆಯ ಕಡತಗಳ ಹೆಂಗಸರಲ್ಲಿ ಎಷ್ಟು ಮಂದಿಯ ಹೊಟ್ಟೆಯಲ್ಲಿ ಹೀಗೇ ಇತ್ತೋ. ಬಕೆಟ್ ನೀರಿಗೆ ಹೋದದ್ದು ಇನ್ನು ಯಾವ ಓದಿಗೂ ಸಿಗುವುದಿಲ್ಲ. ನನಗೆ ಅಳು ಬಂತು, ಕ್ಯಾಮೆರಾ ಓಡುತ್ತಿದೆಯೆಂದು ತಡೆದುಕೊಂಡೆ.

ಇಷ್ಟಕ್ಕೇ ತೀರ್ಮಾನ ಬರೆಯುವ ಹಾಗಿರಲಿಲ್ಲ. ರಕ್ತದೊತ್ತಡದ ಅನುಮಾನ ತೀರಬೇಕಿತ್ತು. ಬಸುರಿನ ತಪಾಸಣೆ ಬರೆದಿಡುವ ‘ತಾಯಿ ಕಾರ್ಡ್’ ತರಿಸಿ ನೋಡಿದೆ. ತಿಂಗಳು ತಿಂಗಳೂ ಒತ್ತಡ ಸರಿಯಾಗಿಯೇ ಇತ್ತು. ಹೃದಯ, ಮೂತ್ರಪಿಂಡ ಕಣ್ಣಿಗೆ ಚೆನ್ನಾಗಿದ್ದವು. ಆದರೂ ಚೂರುಗಳನ್ನು ಸೂಕ್ಷ್ಮದರ್ಶಕದ ಪರೀಕ್ಷೆಗೆ ತೆಗೆದಿಟ್ಟೆ. ಸದ್ಯದ ಅಭಿಪ್ರಾಯ ಇಷ್ಟೆಂದು ಬರೆದೆ: ಹೊಟ್ಟೆಗೆ ಬಿದ್ದ ಬಲವಾದ ಏಟಿನಿಂದ ಮಾಸು ಕಳಚಿ, ಒಳಗೇ ರಕ್ತ ಸೋರಿ ಸಾವು. ಆ ಏಟು ಆಸ್ಪತ್ರೆಗೆ ಬರುವುದಕ್ಕೆ ಮೊದಲಿನದು. ಹೊಡೆದವರು ಯಾರೆಂದು ಹೆಣ ಹೇಳುವುದಿಲ್ಲ, ನಾನೂ ಬರೆಯಲಿಲ್ಲ.

ಆಮೇಲೆ ಮಗುವಿಗೆ ನೀರು ಹಾಕಿದೆ. ಸಹಾಯಕರು ಹಣೆಯ ಪಟ್ಟಿ ಸರಿಮಾಡಿಕೊಂಡು ಎದ್ದು ಬಂದು ಬಟ್ಟೆ ಹಿಡಿದರು. ಕೊಟ್ಟ ಮಾತಿನಂತೆ ಹೊಸ್ತಿಲಲ್ಲಿ ಕುಳಿತಿದ್ದ ತಾಯಿಯ ಮಡಿಲಿಗೆ ಅದನ್ನು ಇಟ್ಟೆ. ಬಿಸಿಲು ಇನ್ನೂ ಹೊಂಗೆ ಮರದ ತುದಿಯಲ್ಲಿತ್ತು. ತಾಯಿ ಅಳಲಿಲ್ಲ. ಬಟ್ಟೆ ಸರಿಸಿ ಮುಖ ನೋಡಿ ಮತ್ತೆ ಮುಚ್ಚಿದಳು.

ತಹಶೀಲ್ದಾರರು ಹೊರಗೆ ಬಂದು, ಡಾಕ್ಟರ್ ತಪ್ಪಲ್ಲ, ಹೊಟ್ಟೆಗೆ ಏಟು ಬಿದ್ದಿದೆ ಎಂದರು. ಬಿಳಿ ಪೇಟದ ಯಜಮಾನ ತಕ್ಷಣ ಮುಂದೆ ಬಂದ.

“ಹೌದು ಸಾಮಿ, ಮರೆತಿದ್ವಿ. ಬೆಳಿಗ್ಗೆ ಕುರಿ ರೊಪ್ಪದಾಗೆ ಟಗರು ಗುದ್ದೈತೆ. ನಮ್ಮ ಟಗರು ಭಾರಿ ಪುಂಡ. ಕುರಿ ಇದ್ದ ಮನೇಲಿ ಇದೆಲ್ಲ ಇರೋದೇ.”

ಕೆಲವರು ತಲೆಯಾಡಿಸಿದರು. ಅಲ್ಲಿದ್ದವರಲ್ಲಿ ಟಗರಿನ ಗುದ್ದು ತಿನ್ನದವರು ಕಡಿಮೆ. ತಹಶೀಲ್ದಾರರು ನನ್ನ ಕಡೆ ನೋಡಿದರು. ಹೊಟ್ಟೆಯ ಏಟು ಟಗರಿನದೂ ಆಗಬಹುದೆಂದು ನಾನು ಒಪ್ಪಿಕೊಳ್ಳಲೇಬೇಕಿತ್ತು. “ಹೊಟ್ಟೆಯದಕ್ಕೆ ನಾನು ಇಲ್ಲ ಅನ್ನಲಾರೆ,” ಎಂದೆ. “ಆದರೆ ತೋಳಿನಲ್ಲಿ ಬೆರಳಿನ ಗುರುತಿದೆ. ಒಳಗಡೆ ನಾಲ್ಕು, ಹೊರಗಡೆ ಹೆಬ್ಬೆರಳು.”

ತಂಗಿ ಮಗುವನ್ನು ಸೊಂಟದ ಮೇಲೆ ಸರಿಪಡಿಸಿಕೊಂಡು ಯಜಮಾನನ ಎದುರಿಗೆ ಹೋಗಿ ನಿಂತಳು.

“ದೊಡ್ಡಪ್ಪಾ, ನಿಮ್ಮ ಟಗರು ತೋಳು ಹಿಡ್ಕಂಡು ಗುದ್ದುತೈತಾ?”

ಗಂಡ ಹೂಂಕರಿಸಿ ಅವಳ ಮೇಲೆ ನುಗ್ಗಿದ. ಜಡೆಗೆ ಕೈ ಹಾಕಿ ಎಳೆದ. ಮಗು ಕಿಟಾರನೆ ಕಿರುಚಿತು. ಪೊಲೀಸರು ಅವನನ್ನು ಕೆಡವಿ ಹಿಡಿದರು. ಅಲ್ಲಿಗೆ ಜನವೂ ತಿರುಗಿತು. ಡಾಕ್ಟರ್ ಹುಡುಗಿಗೆಂದು ಆರಿಸಿಟ್ಟಿದ್ದ ಕಲ್ಲುಗಳು ಅವನ ಮೇಲೆ ಬಿದ್ದವು. ಪೊಲೀಸರು ಅವನನ್ನು ದರದರ ಎಳೆದು ಜೀಪಿಗೆ ಹಾಕುವಷ್ಟರಲ್ಲಿ ಅವನ ಬಾಯಿಂದ ರಕ್ತ ಸುರಿಯುತ್ತಿತ್ತು, ಜೀಪಿನ ಗಾಜು ಪುಡಿಯಾಗಿತ್ತು. ನನಗೆ ಸಮಾಧಾನವೇನೂ ಆಗಲಿಲ್ಲ. ಅದೇ ಕೈಗಳು, ಅದೇ ಬೊಬ್ಬೆ. ಗುರಿ ಮಾತ್ರ ಬದಲಾಗಿತ್ತು.

ಜೀಪು ಹೋದ ಮೇಲೆ ಯಜಮಾನ ಪೇಟ ತೆಗೆದು ಮುಖ ಒರೆಸಿಕೊಂಡ. ತಾಯಿಯ ಮುಂದೆ ಮತ್ತೆ ಕುಕ್ಕರುಗಾಲಲ್ಲಿ ಕುಳಿತ. ದನಿಯಲ್ಲಿ ಅದೇ ಸಮಾಧಾನ.

“ಆಗಿದ್ದು ಆಗೋಯ್ತವ್ವ. ಅವನು ಕೆಟ್ಟೋನು, ಒಪ್ಕಂತೀನಿ. ಅವನ ತಮ್ಮ ಹಂಗಲ್ಲ, ಬಂಗಾರದಂಥ ಹುಡುಗ. ಚಿಕ್ಕವಳನ್ನ ಅವನಿಗೆ ಕೊಡಾಣ. ನಮ್ಮ ಕೂಸು ನಮ್ಮ ಮನೇಲಿ ಬೆಳೀಲಿ.”

ತಂಗಿ ಅವ್ವನನ್ನು ನೋಡಿದಳು. ನಾನೂ ನೋಡಿದೆ. ನನ್ನ ವರದಿ ಮುಟ್ಟುವುದು ಕೋರ್ಟಿನವರೆಗೆ. ಇದಕ್ಕೆ ಉತ್ತರ ಅದರಲ್ಲಿರಲಿಲ್ಲ.

ತಾಯಿ ಹೊಸ್ತಿಲಿನಿಂದ ಏಳಲಿಲ್ಲ. ಮಡಿಲಿನ ಗಂಟನ್ನು ಎಡಗೈಯಲ್ಲಿ ಅವಚಿಕೊಂಡು, ಬಲಗೈ ಚಾಚಿ ಚಿಕ್ಕ ಮಗಳ ಕಾಲನ್ನು ಹಿಡಿದು ಹತ್ತಿರಕ್ಕೆ ಎಳೆದುಕೊಂಡಳು. ನೆಲದ ಮೇಲೆ ಬಿದ್ದಿದ್ದ ಒಂದು ಕಲ್ಲನ್ನು ಯಜಮಾನನ ಕಡೆಗೆ ಉರುಳಿಸಿದಳು.

“ಇವಳನ್ನ ಕೊಡಲ್ಲ. ಇವಳ ಸೊಂಟದ ಮ್ಯಾಲಿರೋ ಕೂಸನ್ನೂ ಕೊಡಲ್ಲ. ಹೊಡಿಯಂಗಿದ್ರೆ ಈಗಲೇ ಹೊಡೀರಿ.”

ಯಜಮಾನ ಆ ಕಲ್ಲನ್ನು ನೋಡಿದ. ಆಮೇಲೆ ಪೇಟ ಸುತ್ತಿಕೊಂಡು ಎದ್ದು ಗೇಟಿನ ಕಡೆ ಹೋದ.